ಗಮ್ ಒಣಗುವ ಮುಂಚೆ

ಮಾವನವರ ಪ್ರಕಾರ ನೀರು ಹರಿಯಬೇಕಾದದ್ದು ಕಬ್ಬಿಣದಲ್ಲಿ. ಲೇತ್ ಮೆಷೀನಿನ ಮುಂದೆ ನಿಂತೇ ತಲೆ ನರೆಸಿಕೊಂಡವರು ಅವರು. ಪ್ಲಾಸ್ಟಿಕ್ ಅಂದರೆ ಮಕ್ಕಳ ಆಟದ ಸಾಮಾನು ಎಂದೇ ಅವರ ಲೆಕ್ಕ. ಮನೆಯ ಹಳೇ ಪೈಪು ತುಕ್ಕು ಹಿಡಿದು ನಲ್ಲಿಯಲ್ಲಿ ಕೆಂಪು ನೀರು ಬರತೊಡಗಿದಾಗಲೂ ಅವರು ಪಟ್ಟು ಬಿಡಲಿಲ್ಲ. ಸಾಲದ್ದಕ್ಕೆ, ಪೈಪು ಬದಲಾಯಿಸಲು ಬಂದವನು ಅಳಿಯ, ಅಪ್ಪನನ್ನು ಕೇಳದೆ ಮಗಳೇ ಆರಿಸಿಕೊಂಡ ಅಳಿಯ. ಇವನ ಬಂಡವಾಳ ಒಂದು ದಿನ ಮಗಳ ಕಣ್ಣೆದುರೇ ಬಯಲಾಗಬೇಕು, ಅವಳು ಮತ್ತೆ ತನ್ನ ಮಾತನ್ನೇ ನಂಬಬೇಕು. ಅವರಿಗಿದ್ದ ಆಸೆ ಇದೊಂದೇ.

ಬಚ್ಚಲಿನ ಗೋಡೆ ಕೊರೆದು ಅಳಿಯ ಎರಡು ಪೈಪು ಕೂರಿಸಿದ. ತಣ್ಣೀರಿಗೆ ಬಿಳಿಯದು, ಬಿಸಿನೀರಿಗೆ ಕೆನೆ ಬಣ್ಣದ್ದು.

"ಎರಡೂ ಪ್ಲಾಸ್ಟಿಕ್ಕೇ ತಾನೆ? ಬಿಸಿನೀರು ಬಿದ್ರೆ ಮೇಣದ ಹಾಗೆ ಕರಗುತ್ತೆ," ಎಂದರು ಮಾವ.

"ಇದು ಬಿಸಿನೀರಿಗೆ ಅಂತಲೇ ಮಾಡಿರೋದು, ಮಾವ. ಆದ್ರೆ ಜಾಯಿಂಟಿಗೆ ಹಚ್ಚಿರೋ ಗಮ್ ಒಣಗ್ಬೇಕು. ನಾಳೆವರೆಗೂ ವಾಲ್ವ್ ತಿರುಗಿಸ್ಬೇಡಿ," ಎಂದು ಹೇಳಿ ಅಳಿಯ ಪೈಪನ್ನು ಗೋಡೆಗೆ ಹಿಡಿಸುವ ಕ್ಲಿಪ್ಪು ತರಲು ಅಂಗಡಿಗೆ ಹೋದ.

ನಾಳೆವರೆಗೂ? ಮಾವನ ಕಿವಿ ನೆಟ್ಟಗಾಯಿತು. ಕಬ್ಬಿಣದ್ದಾಗಿದ್ದರೆ ಬಿಗಿದ ಕೂಡಲೇ ನೀರು ಬಿಡಬಹುದಿತ್ತು. ಅಷ್ಟರೊಳಗೆ ಸಿಮೆಂಟು ಮೆತ್ತಿ ಎಲ್ಲ ಮುಚ್ಚಿಹಾಕುವ ಹುನ್ನಾರ ಇದು! ಅವರು ಬಚ್ಚಲಿಗೆ ನುಗ್ಗಿ ವಾಲ್ವನ್ನು ಪೂರ್ತಿ ತಿರುಗಿಸಿದರು. ಕೆನೆ ಬಣ್ಣದ ಪೈಪು ಮೂಲೆಯ ಜಾಯಿಂಟಿನಿಂದ ಕಳಚಿಕೊಂಡು, ನೀರು ನೇರ ಅವರ ಎದೆಗೇ ಹಾರಿತು. ವಾಲ್ವ್ ಮುಚ್ಚುವಷ್ಟರಲ್ಲಿ ಮಾವ ತೊಯ್ದು ತೊಪ್ಪೆಯಾಗಿದ್ದರು. ಆದರೆ ಎಂಥ ಸಂತೋಷ!

"ಬಾಮ್ಮಾ, ನೋಡು ಬಾ ನಿನ್ನ ಗಂಡನ ಘನಂದಾರಿ ಕೆಲಸ!"

ಮಗಳು ಓಡಿ ಬಂದಳು. ಅಂಗಡಿಯಿಂದ ಆಗಷ್ಟೇ ಮರಳಿದ್ದ ಅಳಿಯನೂ ಹಿಂದೆಯೇ ಬಂದ.

"ಏನ್ರೀ ಇದು? ಸರಿಯಾಗಿ ಕೂರಿಸ್ಲಿಲ್ವಾ?" ಎಂದು ಅವಳು ಗಂಡನನ್ನು ಕೇಳಿದಳು.

ಎಷ್ಟು ಕಾಲದಿಂದ ಕಾದಿದ್ದ ಮಾತು ಅದು! ಮಾವ ಒಳಗೊಳಗೇ ಹಿಗ್ಗಿದರು.

ಅಳಿಯ ಕಳಚಿದ ತುದಿಯನ್ನು ಮುಟ್ಟಿ ನೋಡಿದ. ಹಸಿ ಗಮ್ ಬೆರಳಿಗೆ ಮೆತ್ತಿಕೊಂಡಿತು. ಅವನು ಯಾರನ್ನೂ ದೂರಲಿಲ್ಲ. ಆ ಬೆರಳನ್ನು ಹೆಂಡತಿಗೆ ತೋರಿಸಿದ, ಅಷ್ಟೇ.

ಮಗಳು ಬೆರಳನ್ನು ನೋಡಿದಳು. ಆಮೇಲೆ ಅಪ್ಪನ ಅಂಗಿಯಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ನೋಡಿದಳು. ಮಾವ ನಾಚಿಕೊಂಡು ಅಂಗಿಯ ತುದಿ ಹಿಂಡತೊಡಗಿದರು. ಅವಳು ಬೈದಿದ್ದರೂ ಆಗುತ್ತಿತ್ತು. ಬೈಯಲಿಲ್ಲ.

"ರೀ, ಇನ್ನೊಂದ್ಸಲ ಗಮ್ ಹಚ್ಚಿ," ಎಂದಳು, ಮನೆಯಲ್ಲಿ ತುಂಟ ಮಗುವಿರುವವರು ಹೇಳುವ ಹಾಗೆ. "ಹಚ್ಚಿದ್ಮೇಲೆ ಆ ವಾಲ್ವಿನ ಹಿಡಿ ಬಿಚ್ಚಿ ನನ್ನ ಕೈಗೆ ಕೊಡಿ."