ಹಂಪಿ ನರಸಿಂಹನಿಗೆ ಪಾನಕ

ದಸರಾ ರಜೆಗೆ ಹಂಪಿಗೆ ಹೋಗೋಣ ಎಂದು ಮೊದಲು ಹೇಳಿದವರು ನಮ್ಮ ಅತ್ತೆ ಅಲಮೇಲಮ್ಮ. ಚಾಮರಾಜಪೇಟೆಯ ಮನೆ ಬಿಟ್ಟು ಗಾಂಧಿಬಜಾರಿಗೆ ಹೋಗಬೇಕಾದರೂ ಹತ್ತು ಸಲ ಯೋಚಿಸುವವರು ಹೀಗೆ ಹೇಳಿದ್ದು ಕೇಳಿ ನನ್ನ ಗಂಡ ರಾಘವನಿಗೆ ನಗು ಬಂತು. ನನಗೆ ಬರಲಿಲ್ಲ. ಅವರು ಯಾಕೆ ಹೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು.

ನಮ್ಮ ದೇವರ ಗೂಡಿನಲ್ಲಿ ಹಂಪಿಯ ಉಗ್ರನರಸಿಂಹನ ಚಿತ್ರವೊಂದಿದೆ. ಯಾವುದೋ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನದು. ವರ್ಷ ಮುಗಿದ ಮೇಲೆ ಅತ್ತೆ ಕೆಳಗಿನ ತಾರೀಖುಗಳನ್ನು ಕತ್ತರಿಸಿ ಚಿತ್ರಕ್ಕೆ ಕಟ್ಟು ಹಾಕಿಸಿದ್ದರು. ಅಂದಿನಿಂದ ಅದಕ್ಕೆ ಕುಂಕುಮ, ತುಳಸಿ ಹಾರ, ಪುಟ್ಟ ಲೋಟದಲ್ಲಿ ಹಾಲು. ಹೋದ ಬೇಸಿಗೆಯಲ್ಲಿ ನನ್ನ ಮಗಳು ಶ್ರೀವಿದ್ಯಾ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡಳು. ಮಗು ಮೊದಲಿನ ಹಾಗೆ ನಡೆದರೆ ನೀನಿರುವಲ್ಲಿಗೇ ಬಂದು ಪಾನಕ ಒಪ್ಪಿಸುತ್ತೇನೆ ಎಂದು ಅತ್ತೆ ಆ ಚಿತ್ರದ ಮುಂದೆ ನಿಂತು ಹರಕೆ ಹೊತ್ತರು. ಈಗ ಅವಳು ನಡೆಯುವುದಿರಲಿ, ಪಕ್ಕದ ಮನೆಯ ಕಾಂಪೌಂಡನ್ನೂ ಹತ್ತಿ ಇಳಿಯುತ್ತಾಳೆ.

ಹೊಸಪೇಟೆಯ ಲಾಡ್ಜಿನಲ್ಲಿ ಅತ್ತೆ ಎಲ್ಲರಿಗಿಂತ ಮುಂಚೆ ಎದ್ದು ಸ್ನಾನ ಮಾಡಿ, ಮನೆಯಿಂದ ತಂದ ಬೆಲ್ಲದ ಪುಡಿ, ಮೆಣಸು, ಏಲಕ್ಕಿ, ಶುಂಠಿ ಹಾಕಿ ಪಾನಕ ಕಲಸಿದರು. ಅದನ್ನು ಸ್ಟೀಲಿನ ಹಾಲಿನ ಕ್ಯಾನಿಗೆ ಸುರಿದು ಮುಚ್ಚಳ ಬಿಗಿದರು. ನಾವೆಲ್ಲ ಇಡ್ಲಿ ತಿಂದೆವು. ದೇವರಿಗೆ ಒಪ್ಪಿಸುವ ತನಕ ಅವರು ನೀರೂ ಮುಟ್ಟುವುದಿಲ್ಲವೆಂದರು.

ಹಾಗಿದ್ದರೆ ನರಸಿಂಹನ ಹತ್ತಿರವೇ ಮೊದಲು ಹೋಗೋಣ ಎಂದೆ. ಅವನೇನು ಎದ್ದು ಹೋಗುವುದಿಲ್ಲ, ಬಿಸಿಲೇರುವ ಮುಂಚೆ ಮಗುವಿಗೆ ಆನೆ ಲಾಯ ತೋರಿಸಿ ಎಂದರು ಅತ್ತೆ. ಸಾಲಾಗಿ ನಿಂತ ಆ ದೊಡ್ಡ ಗುಮ್ಮಟಗಳ ಕೆಳಗೆ ಶ್ರೀವಿದ್ಯಾ ಒಂದೊಂದು ಕೋಣೆಯನ್ನೂ ಹೊಕ್ಕು, ಕೂಗಿ, ಪ್ರತಿಧ್ವನಿ ಕೇಳಿ ಹೊರಬಂದಳು. ಅತ್ತೆ ಮೇಲೆ ಕೆಳಗೆ ನೋಡಿ ಮಾವನ ಕಡೆ ತಿರುಗಿದರು.

“ಆನೆಗೂ ಒಂದೊಂದು ರೂಮು ಕಟ್ಟಿಸಿದಾರೆ ನೋಡಿ. ನಮ್ಮ ಮದುವೆ ಆದಾಗ ನಮಗಿರಲಿಲ್ಲ.”

“ನೀನು ಆನೆನ ಮದುವೆ ಆಗಬೇಕಿತ್ತು,” ಎಂದರು ಮಾವ. ಬೀದಿಗೆಲ್ಲ ಅವರು ಶೀನಣ್ಣ. ಯಾರ ಮಾತಿಗೂ ಉತ್ತರ ಬಾಕಿ ಉಳಿಸಿಕೊಂಡವರಲ್ಲ.

ಆಟೋ ನಮ್ಮನ್ನು ನರಸಿಂಹನ ಹತ್ತಿರ ಇಳಿಸಿದಾಗ ಬಿಸಿಲು ನೆತ್ತಿಗೆ ಬರುತ್ತಿತ್ತು. ಏಳು ಹೆಡೆಯ ಹಾವಿನ ಕೆಳಗೆ ಉಬ್ಬಿದ ಕಣ್ಣುಗಳ ಆ ಎತ್ತರದ ಮೂರ್ತಿ ಕಂಡು ಎಲ್ಲರೂ ತಲೆಯೆತ್ತಿ ನಿಂತೆವು. ಅತ್ತೆ ಕೈ ಮುಗಿದರು. ಮುಗಿದ ಕೈ ಹಾಗೇ ನಿಂತಿತು. ಅವನ ತೋಳುಗಳು ಮುರಿದಿದ್ದವು. ತೊಡೆಯ ಮೇಲಿರಬೇಕಾದ ಲಕ್ಷ್ಮಿ ಇರಲಿಲ್ಲ. ನಮ್ಮ ಮನೆಯ ಚಿತ್ರದಲ್ಲಿ ಆ ಜಾಗಕ್ಕೆ ಸದಾ ತುಳಸಿ ಹಾರ ಬೀಳುತ್ತಿತ್ತು. ಇಷ್ಟು ವರ್ಷವೂ ನಮ್ಮಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ.

ಅತ್ತೆ ಅರ್ಚಕರೆಲ್ಲಿ ಎಂದು ಕೇಳಿದರು. ನೆರಳಿನಲ್ಲಿ ಕೂತಿದ್ದ ಕಾವಲಿನವರು ಎದ್ದು ಬಂದರು. “ಇಲ್ಲಿ ಪೂಜಿ ಇಲ್ರಿ ಅಮ್ಮಾರ. ಬಾಜೂಕ ಬಡವಿಲಿಂಗ ಐತಿ ನೋಡ್ರಿ, ಅಲ್ಲಿ ನಡೀತೈತಿ.”

ಹೊಳೆಯ ಕಡೆ ಕೋದಂಡರಾಮನ ಗುಡಿಯಿದೆ, ಅಲ್ಲಿ ಒಪ್ಪಿಸೋಣ ಎಂದರು ರಾಘವ. ಹರಕೆ ಹೊತ್ತದ್ದು ರಾಮನಿಗಲ್ಲ ಎಂದರು ಅತ್ತೆ. ಮಾವ ಮೆಲ್ಲಗೆ, ಆದರೆ ಖಚಿತವಾಗಿ ಹೇಳಿದರು: “ಭಿನ್ನ ಆದ ಮೂರ್ತಿಗೆ ನೈವೇದ್ಯ ಮಾಡೋ ಹಾಗಿಲ್ಲ ಅಲಮೇಲು. ನಿಂಗೂ ಗೊತ್ತು.”

ಅವರಿಗೆ ಗೊತ್ತಿತ್ತು. ಮನೆಯಲ್ಲಿ ಮೂಗು ಸವೆದ ಹಿತ್ತಾಳೆ ಕೃಷ್ಣನನ್ನು ಹೊಳೆಗೆ ಬಿಡಿಸಿದವರು ಅವರೇ. ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಒಂದು ಕಲ್ಲಿನ ಮೇಲೆ ಕೂತರು. ಮುಖ ಬಾಡಿತ್ತು. ಶ್ರೀವಿದ್ಯಾ ಅಲ್ಲೇ ಬಂಡೆಯಿಂದ ಬಂಡೆಗೆ ಹಾರುತ್ತಿದ್ದಳು. ಪ್ರತಿ ಜಿಗಿತಕ್ಕೂ ಅತ್ತೆಯ ಕಣ್ಣು ಅವಳ ಕಾಲಿಗೆ ಹೋಗುತ್ತಿತ್ತು. ಅವರಿಗೆ ಏನು ಭಯವೆಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಸೆರಗಿನಿಂದ ಅವರ ಹಣೆ ಒರೆಸಿದೆ.

“ಹೊತ್ತ ಹರಕೆ ಹಾಗೇ ವಾಪಸ್ ತಗೊಂಡು ಹೋಗ್ಲಾ? ನೀನೇ ಹೇಳು,” ಎಂದರು.

ಮಡಿ, ನೈವೇದ್ಯದ ವಿಷಯದಲ್ಲಿ ಅತ್ತೆ ನನ್ನನ್ನು ಎಂದೂ ಏನೂ ಕೇಳಿದವರಲ್ಲ. ನನಗೆ ಶಾಸ್ತ್ರ ತಿಳಿಯದು. ತಿಳಿದಷ್ಟನ್ನು ಹೇಳಿದೆ.

“ಮಗು ಕಾಲು ಮುರ್ಕೊಂಡು ಮಲಗಿದ್ದಾಗ ಎರಡು ಹೊತ್ತೂ ತುತ್ತು ಮಾಡಿ ತಿನ್ನಿಸಿದ್ದು ನೀವೇ ಅಲ್ವಾ ಅತ್ತೆ. ವಾಸಿ ಆಗ್ಲಿ, ಆಮೇಲೆ ಊಟ ಹಾಕ್ತೀನಿ ಅಂದ್ರಾ?”

ಅತ್ತೆ ಸ್ವಲ್ಪ ಹೊತ್ತು ಮೂರ್ತಿಯನ್ನೇ ನೋಡಿದರು. ಆಮೇಲೆ ನನ್ನ ಭುಜ ಹಿಡಿದು ಎದ್ದು, ಬೇಲಿಯ ಹತ್ತಿರ ಹೋಗಿ ಕ್ಯಾನಿನ ಮುಚ್ಚಳ ತೆಗೆದರು. ಗಂಟೆ ಇಲ್ಲ, ಕರ್ಪೂರ ಇಲ್ಲ. ಕಣ್ಣು ಮುಚ್ಚಿ, ನಾವು ಮಕ್ಕಳಿಗೆ ಹಾಲು ಕುಡಿಸುವಾಗ ಕಾಯುವಷ್ಟು ಹೊತ್ತು ಕಾದರು. ಕಾವಲಿನವರು ಬೇಡವೆನ್ನಲಿಲ್ಲ; ಚಪ್ಪಲಿ ಬಿಟ್ಟು ದೂರ ನಿಂತರು.

ಮೊದಲ ಲೋಟ ಆ ಕಾವಲಿನವರಿಗೇ ಹೋಯಿತು. ಎರಡನೆಯದು ಶ್ರೀವಿದ್ಯಾಗೆ, ಅವಳು ನಿಂತಲ್ಲೇ ಗಟಗಟ ಕುಡಿದು ಮತ್ತೆ ಬಂಡೆಗಳ ಕಡೆ ಓಡಿದಳು. ಈ ಸಲ ಅತ್ತೆ ಅವಳ ಕಾಲಿನ ಕಡೆ ನೋಡಲಿಲ್ಲ. ರಾಘವ ಕುಡಿದರು, ನಾನು ಕುಡಿದೆ. ಮಾವ ದೂರದಲ್ಲಿ ಕಲ್ಲಿನ ಕಂಬವೊಂದನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದವರು ಕೊನೆಗೆ ಹತ್ತಿರ ಬಂದು ಲೋಟ ಚಾಚಿದರು.

“ಶಾಸ್ತ್ರ ಏನಾಯ್ತು?” ಎಂದರು ಅತ್ತೆ.

“ಬಿಸಿಲು ಜಾಸ್ತಿ ಇದೆ. ಹಾಕು.”

ಅತ್ತೆ ಲೋಟದ ಅಂಚಿನವರೆಗೆ ತುಂಬಿಸಿ ಕೊಟ್ಟರು. ಉಳಿದದ್ದನ್ನು ತಾವು ಕುಡಿದು, ಬಾಯಿ ಒರೆಸಿಕೊಂಡು, ಪುಳಿಯೋಗರೆ ಡಬ್ಬಿ ಎಲ್ಲಿಟ್ಟಿದ್ದೀಯ ಎಂದು ಕೇಳಿದರು. ಮರದ ನೆರಳಿನಲ್ಲಿ ಟವೆಲ್ ಹಾಸಿ ಕೂತೆವು. ಅತ್ತೆ ಎರಡು ಸಲ ಬಡಿಸಿಕೊಂಡರು. ಮೂರನೆಯ ಸಲ ನಾನು ಕೇಳುವ ಮುಂಚೆಯೇ ತಟ್ಟೆ ಮುಂದೆ ಬಂತು.