ಭಾರದ ಕಾಲು

ಕಾರು ಕಲಿಸುವ ಮೇಷ್ಟ್ರಿಗೆ ಕಾರಿನ ಬಗ್ಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಹಾಗಂತ ಅವರೇ ಹೇಳುತ್ತಿದ್ದರು, ಬೇರೆಯವರು ಹೇಳಿದ್ದನ್ನು ಕೇಳಿದವರಿಲ್ಲ. ಇಪ್ಪತ್ತೆರಡು ವರ್ಷದ ಅನುಭವ, ಜೇಬಿನಲ್ಲಿ ಎರಡು ಪೆನ್ನು, ನಾಲಿಗೆಯ ತುದಿಯಲ್ಲಿ ಸದಾ ಒಂದು ಗಾದೆ. ಇಷ್ಟೆಲ್ಲ ಇದ್ದ ಮಹಾನುಭಾವರ ಬಿಳಿ ಕಾರು ಮಾತ್ರ ವಾರಕ್ಕೆ ಮೂರು ದಿನ, ಅದೇ ಏರಿನ ನಡುವೆ, ಅದೇ ಹಾಲಿನಂಗಡಿಯ ಎದುರು, ಮೂತಿಯಿಂದ ಆವಿ ಬಿಡುತ್ತ ನಿಂತುಬಿಡುತ್ತಿತ್ತು. ಆಗ ಸ್ಟಿಯರಿಂಗ್ ಹಿಡಿದು ಕೂತಿರುತ್ತಿದ್ದವಳು ಒಂದೋ ಇಸ್ತ್ರಿಯಕ್ಕ, ಇಲ್ಲವೇ ಆಸ್ಪತ್ರೆಯ ನರ್ಸ್ ಹುಡುಗಿ.

ಇಸ್ತ್ರಿಯಕ್ಕ ಹತ್ತೊಂಬತ್ತು ವರ್ಷದಿಂದ ಒಂದು ಲಾಂಡ್ರಿಯಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಈಗೀಗ ಸಂಜೆಯ ಹೊತ್ತಿಗೆ ಬಲ ಮಣಿಕಟ್ಟು ಊದಿಕೊಂಡು ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಇನ್ನೊಂದು ವರ್ಷ ಹೀಗೇ ಒತ್ತಿದರೆ ಆ ಕೈ ನಿಮ್ಮದಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಬಟ್ಟೆ ಸಾಗಿಸುವ ವ್ಯಾನಿನ ಡ್ರೈವರು ತಿಂಗಳ ಕೊನೆಗೆ ಕೆಲಸ ಬಿಡುವವನಿದ್ದ. "ಲೈಸೆನ್ಸ್ ತಗೊಂಡು ಬಾ, ವ್ಯಾನಿನ ಕೀ ನಿಂಗೇ," ಅಂದಿದ್ದಳು ಲಾಂಡ್ರಿಯ ಯಜಮಾನಿ, "ಇಲ್ಲಾಂದ್ರೆ ಹೊರಗಿನವರನ್ನ ನೋಡ್ಬೇಕಾಗುತ್ತೆ." ಪರೀಕ್ಷೆ ಶನಿವಾರ. ಪರೀಕ್ಷೆಗೆ ಹೋಗಲು ಮೇಷ್ಟ್ರ ರುಜು ಬೇಕು. ಏರು ಹತ್ತಿಸದವರಿಗೆ ಮೇಷ್ಟ್ರು ರುಜು ಹಾಕುವುದಿಲ್ಲ. ಏರು ಹತ್ತಿ ಮುಗಿಯುವ ಮೊದಲೇ ಎಂಜಿನ್ ಕುದಿಯುತ್ತದೆ. ಹೀಗೆ ಅವಳ ಮಣಿಕಟ್ಟಿನ ಹಣೆಬರಹ ಒಂದು ಹಾಲಿನಂಗಡಿಯ ಎದುರು ಬಂದು ನಿಂತಿತ್ತು.

"ಕಾಲು ಭಾರ ಕಣಮ್ಮ ನಿಂದು," ಅನ್ನುತ್ತಿದ್ದರು ಮೇಷ್ಟ್ರು, ಬಾನೆಟ್ ಎತ್ತಿ ಆವಿಯಿಂದ ಮುಖ ತಿರುಗಿಸಿಕೊಂಡು. "ಹೆಂಗಸರ ಕಾಲೇ ಹಾಗೆ. ಎಕ್ಸಲರೇಟರ್ ಮೇಲೆ ಕೂತ್ರೆ ಏಳೋದೇ ಇಲ್ಲ. ಎಂಜಿನ್ ಪಾಪ ಏನ್ ಮಾಡುತ್ತೆ?"

"ಒತ್ತಿದ್ರೂ ಗಾಡಿ ಮುಂದಕ್ಕೆ ಹೋಗಲ್ಲ ಮೇಷ್ಟ್ರೇ. ಯಾರೋ ಹಿಂದಿಂದ ಹಿಡ್ಕೊಂಡ ಹಾಗಾಗುತ್ತೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಏರಿನ ಬುಡದಲ್ಲಿ ಮೆಕ್ಯಾನಿಕ್ಕಿನ ಗ್ಯಾರೇಜು. ಆ ಪುಣ್ಯಾತ್ಮನದು ಒಂದೇ ವಿದ್ಯೆ, ಹೊಗೆ ಎಲ್ಲಿಂದ ಬರುತ್ತದೋ ಅಲ್ಲಿಗೆ ಕೈ ಹಾಕುವುದು. ಮೊದಲು ರೇಡಿಯೇಟರಿನ ಮುಚ್ಚಳ ಬದಲಾಯಿಸಿದ. ಆಮೇಲೆ ಫ್ಯಾನ್ ಬೆಲ್ಟು, ಆಮೇಲೆ ಥರ್ಮೋಸ್ಟಾಟು, ಆಮೇಲೆ ನೀರು ತಳ್ಳುವ ಪಂಪು. ಕೊನೆಗೆ ರೇಡಿಯೇಟರನ್ನೇ ಬಿಚ್ಚಿ, ಒಳಗಿನ ಕೊಳವೆಗಳನ್ನೆಲ್ಲ ತೊಳೆದು ಮತ್ತೆ ಕೂರಿಸಿದ. ಪ್ರತಿ ಸಲವೂ ಒಬ್ಬನೇ ಏರು ಹತ್ತಿ ಇಳಿದು ನೋಡುತ್ತಿದ್ದ. ಬಿಸಿ ತೋರಿಸುವ ಮುಳ್ಳು ನಡುವೆ ತೆಪ್ಪಗೆ ಕೂತಿರುತ್ತಿತ್ತು. ಗಂಡಸರು ಕಲಿಯುವಾಗ ಮೇಷ್ಟ್ರು ಪಕ್ಕದ ಸೀಟಿನಲ್ಲಿ ಆರಾಮಾಗಿ ಒರಗಿ ಲೋಕದ ವಿಚಾರವೆಲ್ಲ ಮಾತಾಡುತ್ತಿದ್ದರು, ಆಗಲೂ ಮುಳ್ಳು ಮಿಸುಕುತ್ತಿರಲಿಲ್ಲ. ಇನ್ನೇನು ಸಾಕ್ಷಿ ಬೇಕು? ಇಬ್ಬರು ಪಂಡಿತರೂ ಸೇರಿ ತೀರ್ಮಾನ ಕೊಟ್ಟರು: ರೋಗ ಕಾರಿಗಲ್ಲ, ಹೆಂಗಸರ ಕಾಲಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ವೈದ್ಯ ಇವರನ್ನು ಕಂಡಿದ್ದರೆ ಎದ್ದು ನಿಂತು ಜಾಗ ಬಿಟ್ಟುಕೊಡುತ್ತಿದ್ದ.

ಬುಧವಾರ ಸಂಜೆ ಇಸ್ತ್ರಿಯಕ್ಕ ಮನೆಯಲ್ಲಿ ಇದನ್ನೆಲ್ಲ ಹೇಳಿಕೊಂಡು ಕಣ್ಣೊರೆಸಿಕೊಂಡಳು. ಅವಳ ಅತ್ತೆ ಬಾಯಿಬಡುಕಿ. ಸೊಸೆಯನ್ನು ಬೈಯುವ ಹಕ್ಕು ತನಗೊಬ್ಬಳಿಗೇ ಇದೆ ಎಂದು ನಂಬಿದ್ದವಳು.

"ನಿನ್ನ ಕಾಲು ಭಾರ ಅಂದನಾ? ದಿನಾ ರಾತ್ರಿ ಆ ಕಾಲಿಗೆ ಎಣ್ಣೆ ತಿಕ್ಕೋಳು ನಾನು. ಅದರಲ್ಲಿ ಮೂಳೆ ಬಿಟ್ರೆ ಇನ್ನೇನಿದೆ?" ಅಂದಳು ಅತ್ತೆ. "ಆ ಮೆಕ್ಯಾನಿಕ್ಕಿಗೂ ಬುದ್ಧಿ ಇಲ್ಲ. ಮಗೂಗೆ ಜ್ವರ ಬಂದ್ರೆ ಹಣೆ ಒಂದೇ ಮುಟ್ಟಿ ನೋಡ್ತಾರಾ? ಹೊಟ್ಟೆ ನೋಡ್ಬೇಕು, ಅಂಗಾಲು ನೋಡ್ಬೇಕು. ಅವನು ಬರೀ ಹಣೆ ಸವರ್ತಾ ಕೂತಿದಾನೆ."

ಗುರುವಾರ ಕಾರು ಹಾಲಿನಂಗಡಿಯ ಎದುರು ಮತ್ತೆ ಕುದಿಯಿತು. ಮೇಷ್ಟ್ರು ನೀರು ಕೇಳಲು ಅಂಗಡಿಯೊಳಗೆ ಹೋದಾಗ ಇಸ್ತ್ರಿಯಕ್ಕ ಕೆಳಗಿಳಿದಳು. ಅತ್ತೆಯ ಮಾತು ತಲೆಯಲ್ಲಿತ್ತು. ಇಸ್ತ್ರಿಪೆಟ್ಟಿಗೆ ಕಾದಿದೆಯೇ ಎಂದು ನೋಡುವ ಹಾಗೆ ಬೆರಳನ್ನು ನಾಲಿಗೆಗೆ ತಾಗಿಸಿ, ಮುಂದಿನ ಚಕ್ರದ ನಡುವಿನ ಕಬ್ಬಿಣಕ್ಕೆ ಮುಟ್ಟಿಸಿದಳು. ಚುಂಯ್ ಎಂದಿತು. ಆಚೆ ಬದಿಯ ಚಕ್ರವೂ ಚುಂಯ್ ಎಂದಿತು. ಲಿನನ್ ಬಟ್ಟೆಗೂ ಇಷ್ಟು ಕಾವು ಬೇಡ.

ಕಾರನ್ನು ಹಿಮ್ಮುಖವಾಗಿ ಇಳಿಸಿಕೊಂಡು ಗ್ಯಾರೇಜಿಗೆ ಬಂದ ಮೇಲೆ ಇದನ್ನು ಮೆಕ್ಯಾನಿಕ್ಕಿಗೆ ಹೇಳಿದಳು. ಅವನು ನಕ್ಕ. "ಬ್ರೇಕ್ ಒತ್ತಿದ್ರೆ ಚಕ್ರ ಬಿಸಿ ಆಗೇ ಆಗುತ್ತೆ. ನೀನೇ ಹೆದರ್ಕೊಂಡು ಒತ್ತಿರ್ತೀಯ."

"ನಾನು ಒತ್ತಿಲ್ಲ."

"ಇನ್ಯಾರು, ನಾನಾ?" ಅಂದ. ಮೇಷ್ಟ್ರೂ ಅವನೂ ಸೇರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಸ್ತ್ರಿಯಕ್ಕನಿಗೆ ಅವಮಾನದಿಂದ ಕಿವಿ ಬಿಸಿಯಾಯಿತು. ಒಂದು ಗಳಿಗೆ ಅವಳಿಗೇ ತನ್ನ ಕಾಲಿನ ಮೇಲೆ ಅನುಮಾನ ಬಂತು, ಅದೇ ಅವಳಿಗೆ ಎಲ್ಲಕ್ಕಿಂತ ನೋವಾದದ್ದು.

ಅರ್ಧ ಗಂಟೆ ತಣ್ಣಗಾಗಿಸಿ, ನೀರು ತುಂಬಿಸಿ, ನರ್ಸ್ ಹುಡುಗಿಯನ್ನು ಕೂರಿಸಿಕೊಂಡು ಮೇಷ್ಟ್ರು ಮತ್ತೆ ಏರಿನತ್ತ ಹೊರಟರು. ಇಸ್ತ್ರಿಯಕ್ಕ ಗ್ಯಾರೇಜಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕಾರು ಏದುಸಿರು ಬಿಡುತ್ತ ಹತ್ತುತ್ತಿತ್ತು. ಬ್ರೇಕ್ ಒತ್ತಿದಾಗ ಮಾತ್ರ ಹೊತ್ತುವ ಅದರ ಹಿಂದಿನ ಎರಡೂ ಕೆಂಪು ದೀಪ ಬುಡದಿಂದ ಹಾಲಿನಂಗಡಿಯವರೆಗೆ ಒಮ್ಮೆಯೂ ಆರಲಿಲ್ಲ. ಏರು ಹತ್ತುವಾಗ ಬ್ರೇಕ್ ಯಾರಾದರೂ ಒತ್ತುತ್ತಾರೆಯೇ? ಹುಡುಗಿಯ ಎಡಗಾಲು ಕ್ಲಚ್ಚಿನ ಹತ್ತಿರ, ಬಲಗಾಲು ಎಕ್ಸಲರೇಟರಿನ ಮೇಲೆ. ಬ್ರೇಕಿಗೆ ಮೂರನೆಯ ಕಾಲು ಬೇಕು. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ, ಅಪಾಯ ಬಂದರೆ ಒತ್ತಲಿಕ್ಕೆ. ಮೇಷ್ಟ್ರಿಗೆ ಹೆಂಗಸರು ಸ್ಟಿಯರಿಂಗ್ ಹಿಡಿದದ್ದೇ ಅಪಾಯ!

ಅವಳು ಇದನ್ನೆಲ್ಲ ಕೂಡಿಸಿ ಕಳೆಯುವಷ್ಟರಲ್ಲಿ ಕಾರು ಕುದಿದು ನಿಂತಿತ್ತು. ನರ್ಸ್ ಹುಡುಗಿ ನಡೆದುಕೊಂಡು ಕೆಳಗೆ ಬಂದಳು. ಕಣ್ಣು ಕೆಂಪಾಗಿತ್ತು. "ನನ್ನ ಕೈಲಾಗಲ್ಲ ಅಕ್ಕ. ಕಾಲೇ ಸರಿಯಿಲ್ಲ ಅಂದ್ಮೇಲೆ ಕಲಿತೇನು? ನಾಳೆಯಿಂದ ಬರಲ್ಲ," ಅಂದು ನಿಲ್ಲದೆ ಹೋದಳು. ಇಸ್ತ್ರಿಯಕ್ಕ ಅವಳನ್ನು ತಡೆದು ನಿಲ್ಲಿಸಲಿಲ್ಲ. ತನ್ನ ಕಣ್ಣನ್ನೇ ನಂಬಲು ಅವಳಿಗೆ ಇನ್ನೂ ಧೈರ್ಯ ಸಾಲದಾಗಿತ್ತು.

ಶುಕ್ರವಾರ ಬೆಳಗಿನ ಹೊತ್ತಿಗೆ ಆ ಧೈರ್ಯ ಬಂದಿತ್ತು. ಗ್ಯಾರೇಜಿನ ಎದುರು, ಮೆಕ್ಯಾನಿಕ್ ಕೇಳಿಸಿಕೊಳ್ಳುವ ಹಾಗೆ, ಸ್ಟಿಯರಿಂಗ್ ಹಿಡಿದು ಕೂತವಳು ಹೇಳಿದಳು: "ಮೇಷ್ಟ್ರೇ, ಬೂಟು ಬಿಚ್ಚಿ. ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ್ಕೊಳ್ಳಿ."

"ಏನಂದೆ?"

"ನೀವು ಬ್ರೇಕ್ ಒತ್ತುತಾ ಇದೀರ. ನಿನ್ನೆ ಹಿಂದಿನ ದೀಪ ನೋಡ್ದೆ."

"ಇಪ್ಪತ್ತೆರಡು ವರ್ಷದಲ್ಲಿ ನಾನು ಸುಮ್ಸುಮ್ನೆ ಆ ಪೆಡಲ್ ಮುಟ್ಟಿದವನೇ ಅಲ್ಲ!" ಮೇಷ್ಟ್ರು ಗುಡುಗಿದರು. ಅದು ಸುಳ್ಳಲ್ಲ. ಅವರ ಮಟ್ಟಿಗೆ ಅದು ಸತ್ಯವೇ, ಯಾಕೆಂದರೆ ಅವರ ಕಾಲು ಅವರನ್ನು ಕೇಳಿ ಕೆಲಸ ಮಾಡುತ್ತಿರಲಿಲ್ಲ. ಊರಿಗೆಲ್ಲ ಪಾಠ ಹೇಳುವವರಿಗೆ ತಮ್ಮ ಬುಡ ತಮಗೆ ಕಾಣುವುದಿಲ್ಲ.

"ಮುಟ್ಟೋದೇ ಇಲ್ಲ ಅಂದ್ಮೇಲೆ ಕಾಲಿಗೆ ಅಲ್ಲೇನು ಕೆಲಸ? ಮೇಲೆ ಇಡಿ."

ಮೆಕ್ಯಾನಿಕ್ಕಿಗೆ ತಮಾಷೆ ಅನ್ನಿಸಿತು. ನಿನ್ನೆ ಅವಳನ್ನು ನೋಡಿ ನಕ್ಕವನು ಇವತ್ತು ಅವರನ್ನು ನೋಡಿ ನಗಲು ತಯಾರಾಗಿದ್ದ, ಅಂಥವರಿಗೆ ನಗು ಯಾವ ಕಡೆಯಾದರೂ ಸರಿ. "ಕೂತ್ಬಿಡಿ ಮೇಷ್ಟ್ರೇ, ಅವಳಿಗೂ ಗೊತ್ತಾಗ್ಲಿ," ಅಂದು ಬೂಟು ಬಿಚ್ಚಿಸಿ ತನ್ನ ಮೇಜಿನ ಕೆಳಗಿಟ್ಟುಕೊಂಡ. ಮೇಷ್ಟ್ರು ಬೇರೆ ದಾರಿಯಿಲ್ಲದೆ ಕಾಲು ಮಡಚಿ ಕೂತರು.

ಇಸ್ತ್ರಿಯಕ್ಕ ಎಂದಿನಂತೆ ಎಕ್ಸಲರೇಟರ್ ಒತ್ತಿದಳು. ಕಾರು ಚಂಗನೆ ಹಾರಿ ಎದುರಿನ ಕಾಂಪೌಂಡ್ ಗೋಡೆಯ ಕಡೆ ನುಗ್ಗಿತು. ಮೇಷ್ಟ್ರು ಚೀರಿದರು. ಅವಳು ಬ್ರೇಕ್ ಒತ್ತಿ ನಿಲ್ಲಿಸಿದಳು. ಆಗ ಅವಳಿಗೆ ಅರ್ಥವಾದದ್ದು ಇದು: ಎರಡು ತಿಂಗಳು ತಾನು ಕಲಿತದ್ದು ಕಾರನ್ನಲ್ಲ, ಈ ಮನುಷ್ಯನ ಪಾದದ ಜೊತೆ ಗುದ್ದಾಡುವುದನ್ನು. ಮೈಯೆಲ್ಲ ಉರಿದುಹೋಯಿತು.

ಮತ್ತೆ ಹೊರಟಳು. ಈ ಸಲ ಮೆಲ್ಲಗೆ, ರೇಷ್ಮೆಯ ಮೇಲೆ ಇಸ್ತ್ರಿ ಆಡಿಸುವಷ್ಟು ಹಗುರಾಗಿ. ಕಾರು ಏರು ಹಿಡಿಯಿತು. ಮೇಷ್ಟ್ರು "ನಿಧಾನ, ನಿಧಾನ" ಎಂದು ಗೊಣಗುತ್ತಲೇ ಇದ್ದರು. ಅವರ ಬಲಗಾಲಿನ ಬೆರಳುಗಳು ಸೀಟಿನ ಮೇಲೆಯೇ ಮುದುಡಿ ಮುದುಡಿ ಗಾಳಿಯನ್ನು ಒತ್ತುತ್ತಿದ್ದವು. ಓರೆಗಣ್ಣಿನಿಂದ ಅದನ್ನು ಕಂಡು ಇಸ್ತ್ರಿಯಕ್ಕನಿಗೆ ಒಂದು ಕ್ಷಣ ಪಾಪ ಅನ್ನಿಸಿತು. ಆಮೇಲೆ ಅನ್ನಿಸಲಿಲ್ಲ. ಭಯ ಇವರದು, ಬೈಗುಳ ನಮಗೆ!

ಹಾಲಿನಂಗಡಿ ಬಂತು, ಹಿಂದೆ ಹೋಯಿತು. ಮುಳ್ಳು ನಡುವೆಯೇ ಇತ್ತು. ಕಡಿದಾದ ಕಡೆ ನಿಲ್ಲಿಸಿ, ಹಿಂದಕ್ಕೆ ಒಂದು ಗೇಣೂ ಜಾರದೆ ಮತ್ತೆ ಹೊರಟು, ನೆತ್ತಿಗೆ ಮುಟ್ಟಿಸಿ ನಿಲ್ಲಿಸಿದಳು.

"ರುಜು," ಅಂದಳು. ಮೇಷ್ಟ್ರು ಮಡಚಿದ ಮೊಣಕಾಲಿನ ಮೇಲೆಯೇ ಕಾಗದ ಇಟ್ಟುಕೊಂಡು ರುಜು ಹಾಕಿದರು. ಹಾಕಿದ ಮೇಲೆ ಗಂಟಲು ಸರಿಮಾಡಿಕೊಂಡು, "ನೋಡಿದ್ಯಾ, ನನ್ನ ಕೈಯಲ್ಲಿ ಕಲಿತವರು ಹೀಗೇ," ಅಂದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ.

ಕೆಲಸ ಆಗಿತ್ತು. ಜಾಣೆಯಾಗಿದ್ದರೆ ಅಲ್ಲಿಗೇ ಕೈ ಮುಗಿದು ಮನೆಗೆ ಹೋಗಬೇಕಿತ್ತು. ಆದರೆ ಅಳುತ್ತ ಇಳಿದುಹೋದವಳಿಗೆ ನಿನ್ನೆ ಒಂದು ಮಾತು ಹೇಳದೆ ನಿಂತದ್ದು ಅವಳನ್ನು ಚುಚ್ಚುತ್ತಲೇ ಇತ್ತು.

"ನರ್ಸ್ ಹುಡುಗಿ ಮನೆ ಎಲ್ಲಿ ಮೇಷ್ಟ್ರೇ? ದಾರಿ ಹೇಳಿ."

"ಯಾಕೆ?"

"ಯಾರ ಕಾಲು ಭಾರ ಅಂತ ಅವಳಿಗೆ ಹೇಳೋಕೆ. ನೀವೇ ಹೇಳ್ತೀರ. ಇಲ್ಲಾಂದ್ರೆ ನಾಳೆ ಪರೀಕ್ಷೆ ತಗೊಳ್ಳೋ ಸಾಹೇಬರ ಹತ್ರ ನಾನು ಹೇಳ್ತೀನಿ."

ಬಾಗಿಲು ತೆರೆದ ಹುಡುಗಿ ಬರಿಗಾಲಲ್ಲಿ ನಿಂತ ಮೇಷ್ಟ್ರನ್ನು ಕಂಡು ಗಾಬರಿಯಾದಳು.

"ಗಾಡಿ ರಿಪೇರಿ ಆಯ್ತಮ್ಮ," ಅಂದರು ಮೇಷ್ಟ್ರು.

ಕಾರಿನಿಂದ ಹಾರ್ನ್ ಕೂಗಿತು.

"ಅಂದ್ರೆ, ಬ್ರೇಕು ಸ್ವಲ್ಪ ಹಿಡ್ಕೊಳ್ತಾ ಇತ್ತು."

ಹಾರ್ನ್ ಈ ಸಲ ಉದ್ದಕ್ಕೆ ಕೂಗಿತು. ಎದುರುಮನೆಯ ಕಿಟಕಿ ತೆರೆಯಿತು.

"ನಾನೇ ಒತ್ತುತಿದ್ದೆ," ಅಂದರು ಮೇಷ್ಟ್ರು, ನೆಲ ನೋಡುತ್ತ. "ನೀವೆಲ್ಲ ಓಡಿಸೋವಾಗ ನಂಗೆ ಭಯ ಆಗುತ್ತೆ."

"ಮೊದಲ ದಿನದಿಂದಾನಾ?" ಕೇಳಿದಳು ಹುಡುಗಿ.

ಮೇಷ್ಟ್ರ ಬಳಿ ಅದಕ್ಕೊಂದು ಗಾದೆ ಇರಲಿಲ್ಲ. ಹುಡುಗಿ ಅವರನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು. ಚಪ್ಪಲಿ ಮೆಟ್ಟಿಕೊಂಡು ಅವರನ್ನು ದಾಟಿ ಕಾರಿನ ಬಳಿ ಬಂದು ಬಾಗಿಲು ತೆರೆದಳು.

"ಅಕ್ಕಾ, ಆ ಕಡೆ ಸರ್ಕೊಳ್ಳಿ."

ಇಸ್ತ್ರಿಯಕ್ಕ ಮೇಷ್ಟ್ರ ಸೀಟಿಗೆ ಸರಿದು ಎರಡೂ ಕಾಲು ಮೇಲೆತ್ತಿ ಮಡಚಿಕೊಂಡಳು. ಮೇಷ್ಟ್ರು ಓಡಿಬಂದು ಹಿಂದಿನ ಸೀಟು ಸೇರಿದರು. ಹುಡುಗಿ ಕ್ಲಚ್ ಬಿಟ್ಟ ರಭಸಕ್ಕೆ ಕಾರು ಎಗರಿತು. ಇಸ್ತ್ರಿಯಕ್ಕನ ಎದೆ ಧಸಕ್ಕೆಂದಿತು, ಆದರೆ ಕಾಲು ಕೆಳಗಿಳಿಯಲಿಲ್ಲ.