ನನ್ನ ಎಡಮೂಲೆಯ ಕನ್ನಡಿ

ನಾನು ಒಂದು ಫೋಟೋ. ಮೊಳದಷ್ಟು ಎತ್ತರ, ದಪ್ಪ ರಟ್ಟಿಗೆ ಅಂಟಿಸಿದ ಕಾಗದ. ನನ್ನಲ್ಲಿ ಒಬ್ಬ ಗಂಡಸು ನಿಂತಿದ್ದಾನೆ, ಒಬ್ಬ ಹೆಂಗಸು ಕುಳಿತಿದ್ದಾಳೆ. ಅವಳ ತೊಡೆಯ ಮೇಲೆ ಒಂದು ಮಗುವಿನ ಪುಟ್ಟ ಪಟವಿದೆ. ಎಡಮೂಲೆಯಲ್ಲಿ, ಕುರ್ಚಿಯ ಹಿಂದೆ, ಒಂದು ನಿಲುವುಗನ್ನಡಿ. ನೋಡಿದವರೆಲ್ಲ ದೊರೆಯ ಮೀಸೆ ನೋಡುತ್ತಾರೆ, ದೊರೆಸಾನಿಯ ಟೊಪ್ಪಿ ನೋಡುತ್ತಾರೆ. ಕನ್ನಡಿಯನ್ನು ಯಾರೂ ನೋಡುವುದಿಲ್ಲ. ಆದರೆ ಸಮುದ್ರದಾಚೆ ಒಬ್ಬ ಮುದುಕಿ ತಾನು ಯಾರ ಮಗಳೆಂದು ತಿಳಿಯದೆ ಕೊರಗುತ್ತಿದ್ದಳು. ಅದಕ್ಕೆ ಉತ್ತರವಿದ್ದದ್ದು ಆ ಮೂಲೆಯಲ್ಲಿ ಮಾತ್ರ. ಆ ಮೂಲೆ ಹಾಳಾದೀತೆಂಬ ಭಯದಲ್ಲೇ ನನ್ನ ಆಯುಷ್ಯ ಕಳೆಯಿತು.

ನಾನು ಹುಟ್ಟಿದ್ದು ಕೋಲಾರದ ಚಿನ್ನದ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಯಲ್ಲಿ, ರತ್ನವೇಲು ಎಂಬುವರ ಸ್ಟುಡಿಯೋದಲ್ಲಿ. ಗಣಿಯಲ್ಲಿ ಕ್ಯಾಪ್ಟನ್, ಅಂದರೆ ಸುರಂಗದ ಕೆಲಸದ ಮೇಲ್ವಿಚಾರಕ, ಆಗಿದ್ದ ಥಾಮಸ್ ಗ್ರಿಫಿತ್ ದೊರೆ ಹೆಂಡತಿ ಮಾರ್ಗೆಡ್‌ಳನ್ನು ಕರೆದುಕೊಂಡು ಬಂದಿದ್ದರು. ಅವರು ಇಂಗ್ಲೆಂಡಿನವರಲ್ಲ, ಅದರ ಪಕ್ಕದ ವೇಲ್ಸ್ ಎಂಬ ನಾಡಿನವರು. ತಮ್ಮತಮ್ಮಲ್ಲಿ ಬೇರೆಯೇ ಭಾಷೆ ಆಡುತ್ತಿದ್ದರು. ಅವರ ಮಗಳು ನೆಸ್ತಾ ಹಿಂದಿನ ಬೇಸಗೆಯಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಮಾರ್ಗೆಡ್ ಈಗ ಮತ್ತೆ ತುಂಬಿದ ಬಸುರಿ. ಹೆರಿಗೆಯಲ್ಲಿ ತಾನು ಉಳಿಯದಿದ್ದರೆ ಎಂಬ ಹೆದರಿಕೆ ಅವಳಿಗೆ. ಒಂದು ಗುರುತಾದರೂ ಇರಲಿ ಎಂದು ಹಟ ಹಿಡಿದು, ಸತ್ತ ಮಗಳ ಪಟವನ್ನೂ ಎದೆಗವಚಿಕೊಂಡು ಬಂದಿದ್ದಳು.

ಆದರೆ ಬಸುರಿಯರು ಫೋಟೋಗೆ ಕೂರುವುದು ಅವರಲ್ಲಿ ಮರ್ಯಾದೆಯಲ್ಲವಂತೆ. ದೊರೆ ಅವಳ ಮೇಲೆ ಶಾಲು ಹೊದಿಸಿದರು, ಮುಂದೆ ಗಿಡದ ಕುಂಡವೊಂದನ್ನು ಇಡಿಸಿದರು. ರತ್ನವೇಲು ತಲೆಯಾಡಿಸಿದರು. ಆದರೆ ಅವರ ಕೈಗೆ ಅಭ್ಯಾಸವೊಂದಿತ್ತು. ಸೀಮಂತವಾದ ಹೆಣ್ಣುಮಕ್ಕಳು ಮೊಗ್ಗಿನ ಜಡೆ ಹೆಣೆಸಿಕೊಂಡು ಅವರಲ್ಲಿಗೆ ಬರುತ್ತಿದ್ದರು. ಮುಖವೂ ಕಾಣಬೇಕು, ಬೆನ್ನ ಮೇಲಿನ ಜಡೆಯೂ ಕಾಣಬೇಕು. ಅದಕ್ಕೆ ಹಿಂದೆ ಓರೆಯಾಗಿ ಕನ್ನಡಿ ಇಡುವುದು ವಾಡಿಕೆ. ಬಸುರಿ ಕುಳಿತಳೆಂದರೆ ಸಾಕು, ಅವರು ಯೋಚಿಸದೆಯೇ ಕನ್ನಡಿ ಎಳೆದು ತರುತ್ತಿದ್ದರು. ಅಂದೂ ತಂದರು. ದೊರೆಗೆ ಅದೊಂದು ಅಲಂಕಾರವಾಗಿ ಕಂಡಿರಬೇಕು, ತೆಗೆಸಲಿಲ್ಲ. ಹೀಗೆ ಶಾಲೂ ಕುಂಡವೂ ಮುಂದಿನಿಂದ ಮುಚ್ಚಿದ್ದನ್ನು ಕನ್ನಡಿ ಪಕ್ಕದಿಂದ ಹಿಡಿದುಕೊಂಡಿತು.

ನನ್ನನ್ನು ಹೆತ್ತ ಗಾಜಿನ ಹಲಗೆ, ಅಂದರೆ ನೆಗೆಟಿವ್, ಹೆಚ್ಚು ದಿನ ಬಾಳಲಿಲ್ಲ. ಹಳೆಯ ಗಾಜುಗಳನ್ನು ತೊಳೆದು ಕಿಟಕಿಗೆ ಮಾರುವುದು ಆಗಿನ ಪದ್ಧತಿ. ಯಾರ ಮನೆಯ ಕಿಟಕಿಯಲ್ಲಿ ನನ್ನ ತಾಯಿ ಬಿಸಿಲಿಗೆ ನಿಂತಳೋ! ಅಂದಿನಿಂದ ನನ್ನಂಥದ್ದು ಇನ್ನೊಂದಿಲ್ಲ ಎಂಬ ಅರಿವು ನನ್ನಲ್ಲಿ ಮುಳ್ಳಾಗಿ ಕೂತಿತು.

ದೊರೆಯ ಬಂಗಲೆಯ ಗೋಡೆಯ ಮೇಲೆ ನಾನು ಒಳ್ಳೆಯ ದಿನಗಳನ್ನು ಕಂಡೆ. ಮಾರ್ಗೆಡ್ ಉಳಿದಳು. ಹೆಣ್ಣುಮಗು ಹುಟ್ಟಿತು. ಅದಕ್ಕೂ ನೆಸ್ತಾ ಎಂದೇ ಹೆಸರಿಟ್ಟರು. ಹೋದ ಮಗುವಿನ ಹೆಸರನ್ನು ಬಂದ ಮಗುವಿಗೆ ಇಡುವುದು ಅವರ ಹಿರಿಯರ ರೂಢಿ. ಮೊದಲನೆಯವಳಿಗೆ ಇಂಗ್ಲಿಷರ ಚರ್ಚಿನಲ್ಲಿ ನಾಮಕರಣವಾಗಿತ್ತು. ಈ ಸಲ ಅವರ ನಾಡಿನ ಉಪದೇಶಿಯೊಬ್ಬರು ದಾರಿಯಲ್ಲಿ ಹೋಗುತ್ತಾ ಬಂಗಲೆಗೆ ಬಂದರು. ಅವರೇ ನನ್ನೆದುರು ಮಗುವಿನ ಹಣೆಗೆ ನೀರು ಮುಟ್ಟಿಸಿ, ಒಂದು ಹಾಡು ಹೇಳಿ, ಟೀ ಕುಡಿದು ಹೊರಟುಹೋದರು. ಆ ಹುಟ್ಟನ್ನಾಗಲಿ ಹೆಸರನ್ನಾಗಲಿ ಯಾವ ಪುಸ್ತಕದಲ್ಲೂ ಯಾರೂ ಬರೆಯಲಿಲ್ಲ. ಯಾರಿಗೆ ಬೇಕಿತ್ತು ಆಗ? ಮಗು ಮನೆತುಂಬ ಓಡಾಡುತ್ತಿತ್ತು.

ಒಂದು ಮಾತು ನನಗೆ ಮರೆಯುವುದಿಲ್ಲ. ಮಾರ್ಗೆಡ್ "ನೆಸ್ತಾ!" ಎಂದು ಕೂಗಿದಾಗಲೆಲ್ಲ ಅವಳ ಕಣ್ಣು ಮೊದಲು ನನ್ನ ಕಡೆ ಬರುತ್ತಿತ್ತು, ಆಮೇಲೆ ಬಾಗಿಲ ಕಡೆ ತಿರುಗುತ್ತಿತ್ತು. ಒಂದೇ ಕೂಗಿಗೆ ಇಬ್ಬರು ಮಕ್ಕಳು.

ಹುಡುಗಿಗೆ ಹಾಲುಹಲ್ಲು ಬೀಳುವ ವಯಸ್ಸು. ನನ್ನ ಚೌಕಟ್ಟಿನ ಸಂದು ಬಿಟ್ಟುಕೊಂಡಿತೆಂದು ಕಟ್ಟು ಹಾಕುವ ದಸ್ತಗೀರ್ ಸಾಬರ ಅಂಗಡಿಗೆ ನನ್ನನ್ನು ಕಳಿಸಿದರು. ಅದೇ ವಾರ ದೊರೆ ತೀರಿಕೊಂಡರು. ಎದೆಯಲ್ಲಿ ಕಲ್ಲಿನ ಧೂಳು ಕೂತಿತ್ತು. ಬಂಗಲೆ ಬಿಡಬೇಕಾಯಿತು, ಹಡಗಿನ ದಿನ ಗೊತ್ತಾಗಿಹೋಗಿತ್ತು. ನನ್ನನ್ನು ತರಲು ಮಾರ್ಗೆಡ್ ಅಡುಗೆಯವನನ್ನು ಕಳಿಸಿದ್ದು ಶುಕ್ರವಾರ ಮಧ್ಯಾಹ್ನ. ಸಾಬರು ನಮಾಜಿಗೆ ಹೋಗಿದ್ದರು. ಮುಚ್ಚಿದ ಬಾಗಿಲನ್ನು ಅವನು ಬಡಿಯುವುದು ನನಗೆ ಒಳಗಿನಿಂದ ಕೇಳಿಸಿತು. ಬಡಿದ, ನಿಂತ, ಮತ್ತೆ ಬಡಿದ, ಹೋದ. ನನಗೆ ಬಾಯಿಲ್ಲ. ಅಂದು ಸಂಜೆಯ ರೈಲಿಗೆ ತಾಯಿ ಮಗಳು ಹೊರಟುಹೋದರು.

"ಬರ್ತಾರೆ, ದೊರೆಸಾನಿ ಕಾಗದ ಬರೀತಾರೆ" ಎಂದು ಸಾಬರು ನನ್ನನ್ನು ಬಟ್ಟೆಯಲ್ಲಿ ಸುತ್ತಿಟ್ಟು ವರ್ಷಗಟ್ಟಲೆ ಕಾದರು. ಯಾರೂ ಬರಲಿಲ್ಲ. ಒಂದು ದಿನ ಗಣಿಯ ಗುಮಾಸ್ತ ತಿರುಮಲಯ್ಯನವರು ವೆಂಕಟರಮಣನ ಬಣ್ಣದ ಪಟವೊಂದನ್ನು ಕಟ್ಟು ಹಾಕಿಸಲು ತಂದರು. ಹಿಂದೆ ಇಡಲು ಗಟ್ಟಿ ರಟ್ಟು ಬೇಕಿತ್ತು. ಸಾಬರು ನನ್ನನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದರು. ಎಸೆಯಲು ಅವರಿಗೆ ಮನಸ್ಸಿಲ್ಲ, ಇಟ್ಟುಕೊಳ್ಳಲು ಜಾಗವಿಲ್ಲ. ಕೊನೆಗೆ ನನ್ನ ಮುಖವನ್ನು ದೇವರ ಬೆನ್ನಿಗೆ ಒರಗಿಸಿ ಮೊಳೆ ಹೊಡೆದರು. ಕತ್ತಲಾಯಿತು.

ಆ ಕತ್ತಲಲ್ಲಿ ನನಗೆ ಉಳಿದದ್ದು ಕಿವಿಯೊಂದೇ. ತಿರುಮಲಯ್ಯನವರು ದಿನವೂ ಸಂಜೆ ದೇವರ ಮುಂದೆ ಕುಳಿತು ಷಟ್ಪದಿಗಳನ್ನು ರಾಗವಾಗಿ ಓದುತ್ತಿದ್ದರು. ಓದಿ, ನಿಲ್ಲಿಸಿ, ಅರ್ಥ ಹೇಳುತ್ತಿದ್ದರು. ಮಗಳು ಅಲಮೇಲು ಊದುಬತ್ತಿ ಹಚ್ಚಿ ಪಕ್ಕದಲ್ಲಿ ಕೂರುತ್ತಿದ್ದಳು. ಮೊದಲು ಭಾಷೆ ತಿಳಿಯಲಿಲ್ಲ, ರಾಗ ತಿಳಿಯಿತು. ಆಮೇಲೆ ಮಾತು ಒಂದೊಂದಾಗಿ ಬೆಳಕು ಬಿಟ್ಟಿತು. ಭಕ್ತಿ ಎಂದರೇನೆಂದು ನಾನು ಕಲಿತದ್ದು ಅಲ್ಲಿ, ದೇವರ ಬೆನ್ನ ಹಿಂದೆ. ಅಗಲಿದವರನ್ನು ಒಂದು ಸಣ್ಣ ಗುರುತು ಕೂಡಿಸುವ ಪದ್ಯ ಬಂದಾಗ ಅವರು ಅದನ್ನು ಎರಡೆರಡು ಸಲ ಓದುತ್ತಿದ್ದರು. ಗುರುತು ನನ್ನಲ್ಲೂ ಇದೆಯಲ್ಲ, ಕೇಳುವವರು ಎಲ್ಲಿ?

ಅಷ್ಟರಲ್ಲಿ ಕಾಗದ ತಿನ್ನುವ ಬೆಳ್ಳಿ ಬಣ್ಣದ ಹುಳು ಬಂತು. ಅದು ಕೆಳಗಿನ ಎಡಮೂಲೆಯಿಂದಲೇ ಶುರುಮಾಡಬೇಕೆ? ಮೊದಲು ಅಂಚು, ಆಮೇಲೆ ನೆಲದ ಚಿತ್ತಾರ, ಆಮೇಲೆ ಕನ್ನಡಿಯ ಮರದ ಕಾಲು. ಅಲ್ಲಿಗೆ ನಿಂತು, ಕೆಲವು ಮಳೆಗಾಲ ಸುಮ್ಮನಿದ್ದು, ಮತ್ತೆ ಹತ್ತುತ್ತಿತ್ತು. ಪ್ರತಿಸಲ ಊದುಬತ್ತಿಯ ಹೊಗೆ ಒಳಗೆ ನುಗ್ಗಿದಾಗ ಹುಳು ಸರಿದುಹೋದೀತೇ ಎಂದು ಕಾಯುತ್ತಿದ್ದೆ.

ತಿರುಮಲಯ್ಯನವರು ಹೋದರು. ಓದು ನಿಂತಿತು. ಅಲಮೇಲು ಮದುವೆಯಾಗಿ ಅದೇ ಮನೆಯಲ್ಲುಳಿದು ಅಲಮೇಲಮ್ಮನಾದಳು. ಗಣಿಯೂ ಮುಚ್ಚಿತು. ಆದರೂ ಒಮ್ಮೊಮ್ಮೆ ಭೂಮಿಯೊಳಗೆ ಬಂಡೆ ಸಿಡಿದು ಊರು ನಡುಗುತ್ತದೆ. ಹಾಗೆ ನಡುಗಿದ ಒಂದು ಬೆಳಗ್ಗೆ ಗೋಡೆಯ ಮೊಳೆ ಕಳಚಿ ನಾವಿಬ್ಬರೂ ಬಿದ್ದೆವು, ದೇವರೂ ನಾನೂ. ಗಾಜು ಸೀಳಿತು.

ಗಾಜು ಒಡೆದ ದೇವರ ಪಟವನ್ನು ಮನೆಯಲ್ಲಿ ಇಡಬಾರದು, ಕಸಕ್ಕೂ ಎಸೆಯಬಾರದು. ಅಲಮೇಲಮ್ಮ ಆಸ್ಪತ್ರೆಗೆ ಹೋಗಿದ್ದಾಗ ಸೊಸೆ ಪದ್ಮಜಾ ನಮ್ಮನ್ನು ಅಶ್ವತ್ಥಕಟ್ಟೆಗೆ ಕೊಂಡುಹೋಗಿ, ಬುಡಕ್ಕೆ ಒರಗಿಸಿ, ಕೈಮುಗಿದು ಬಂದಳು. ಅಲ್ಲಿ ನಮ್ಮಂಥವರು ಬಹಳ ಮಂದಿ. ಬಣ್ಣ ಹೋದ ಲಕ್ಷ್ಮಿ, ಕೈಮುರಿದ ಗಣಪತಿ. ಮೋಡ ಕವಿಯಿತು. ಮೊದಲ ಹನಿ ಸೀಳಿನಿಂದ ಒಳಗಿಳಿದು ನನ್ನ ಎಡಮೂಲೆಯನ್ನೇ ಹುಡುಕಿಕೊಂಡು ಬಂತು. ದೇವರ ಕಾಗದ ನೆನೆದು ನನ್ನ ಮೇಲೆ ಅಂಟಿತು. ಆಯಿತು, ನನ್ನ ಕತೆ ಮುಗಿಯಿತು ಅಂದುಕೊಂಡೆ.

ಮಳೆಯ ನಡುವೆ ಒಂದು ಕೊಡೆ ಬಂತು, ಅದರಡಿಯಲ್ಲಿ ಅಲಮೇಲಮ್ಮ.

"ಅಪ್ಪ ದಿನಾ ಎದುರಿಗೆ ಕೂತು ಓದ್ತಿದ್ದ ಪಟ ಕಣೇ ಇದು! ಗಾಜು ಹೋದ್ರೆ ಗಾಜು ಹಾಕ್ಸೋದಪ್ಪ. ದೇವರನ್ನೇ ಮಳೇಲಿ ಕೂರಿಸಿ ಬರ್ತಾರಾ?"

"ಶಾಸ್ತ್ರ ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ ಅತ್ತೆ?" ಎಂದಳು ಹಿಂದೆಯೇ ಬಂದ ಪದ್ಮಜಾ.

"ಶಾಸ್ತ್ರ ಬೇರೆಯವರ ಮನೆ ಪಟಕ್ಕೆ ಕಣೇ."

ನಮ್ಮನ್ನು ಸೆರಗಿನಲ್ಲಿ ಸುತ್ತಿ, ಅಲಮೇಲಮ್ಮ ನೇರವಾಗಿ ದಸ್ತಗೀರ್ ಸಾಬರ ಮೊಮ್ಮಗ ಇಮ್ತಿಯಾಜನ ಅಂಗಡಿಗೆ ನಡೆದರು. ಅವನು ಮೊಳೆ ಕಿತ್ತು, ಬ್ಲೇಡಿನಿಂದ ನನ್ನನ್ನು ದೇವರಿಂದ ಬಿಡಿಸಿದ. ಎಷ್ಟು ಕಾಲದ ಮೇಲೆ ಬೆಳಕು!

"ಅಮ್ಮಾ, ಇಲ್ಲಿ ನೋಡಿ. ನಿಮ್ಮ ವೆಂಕಟರಮಣನ ಬೆನ್ನಿಗೆ ಯಾರೋ ದೊರೆ, ದೊರೆಸಾನಿ ಕೂತವ್ರೆ."

"ಅಯ್ಯೋ ದೇವ್ರೇ! ಇಷ್ಟ್ ವರ್ಷ ನಾನು ಎತ್ತಿದ ಮಂಗಳಾರತಿ ಇವರಿಗೂ ಸೇರ್ತೇನೋ?"

"ಸೇರಿದ್ರೆ ಸೇರ್ಲಿ ಬಿಡಿ. ಇದು ನಮ್ಮ ತಾತನ ಕೆಲಸ, ಹೊಸ ರಟ್ಟು ಉಳಿಸವ್ನೆ."

"ಉಳಿಸಿದ ರಟ್ಟಿಗೂ ನಮ್ಮಪ್ಪನ ಹತ್ರ ಕಾಸು ಇಸ್ಕೊಂಡಿರ್ತಾನೆ, ಬಿಡೋ."

ನಗುತ್ತಿದ್ದ ಇಮ್ತಿಯಾಜ್ ಇದ್ದಕ್ಕಿದ್ದಂತೆ ನನ್ನ ಮೇಲೆ ಬಗ್ಗಿದ. ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿದ್ದ ಒಂದು ಸಣ್ಣ ಚಿತ್ರವನ್ನು ಕಿತ್ತು ನನ್ನ ಪಕ್ಕಕ್ಕಿಟ್ಟ. ಅದೇ ಮೀಸೆ, ಅದೇ ಹಣೆ. ಆ ವಾರವೆಲ್ಲ ವೇಲ್ಸಿನಿಂದ ಬಂದ ಕ್ಯಾರಿಸ್ ಎಂಬ ಹೆಂಗಸು ಊರಿನ ಹಳೆಯ ಸ್ಟುಡಿಯೋ, ಕಟ್ಟಿನ ಅಂಗಡಿಗಳನ್ನೆಲ್ಲ ಸುತ್ತಿ, ತನ್ನ ತಾತನ ಚಿತ್ರವನ್ನೂ ಫೋನ್ ನಂಬರನ್ನೂ ಕೊಟ್ಟುಹೋಗಿದ್ದಳು. ಮರುದಿನ ಅವಳ ವಿಮಾನ. ಇಮ್ತಿಯಾಜ್ ಫೋನ್ ಮಾಡಿದ.

ಅವಳು ಬಂದಳು. ಮಾರ್ಗೆಡ್‌ಳದೇ ಗಲ್ಲ. ಅವಳು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದದ್ದನ್ನು ಇಮ್ತಿಯಾಜ್ ಅಲಮೇಲಮ್ಮನಿಗೆ ಕನ್ನಡದಲ್ಲಿ ಹೇಳಿದ. ನಾನು ಬಿಟ್ಟುಬಂದ ಕತೆಯ ಉಳಿದರ್ಧ ಆಗ ಸಿಕ್ಕಿತು. ಊರು ತಲುಪಿದ ಕೆಲದಿನಕ್ಕೇ ಮಾರ್ಗೆಡ್ ತೀರಿಹೋದಳಂತೆ. ನೆಸ್ತಾ, ಅಂದರೆ ಕ್ಯಾರಿಸ್‌ಳ ತಾಯಿ, ಚಿಕ್ಕಮ್ಮನ ಮನೆಯಲ್ಲಿ ಬೆಳೆದಳು. ಮುಪ್ಪಿನಲ್ಲಿ ಮನೆತನದ ಚರಿತ್ರೆ ಹುಡುಕಲು ಕೂತಾಗ ಚರ್ಚಿನ ದಾಖಲೆ ಸಿಕ್ಕಿತು: ಥಾಮಸ್ ಮತ್ತು ಮಾರ್ಗೆಡ್ ಗ್ರಿಫಿತ್‌ರ ಮಗಳು ನೆಸ್ತಾ, ಮೂರು ವರ್ಷ, ಮಣ್ಣು ಮಾಡಲಾಯಿತು. ಇನ್ನೊಬ್ಬ ನೆಸ್ತಾಳ ಜನನವಿಲ್ಲ, ನಾಮಕರಣವಿಲ್ಲ. ಹಾಗಾದರೆ ತಾನು ಯಾರು? ಸತ್ತ ಮಗುವಿನ ಹೆಸರು ಹೊದಿಸಿ ಎತ್ತಿತಂದ ಯಾರದೋ ಕೂಸೇ?

"ಅವರೂರಲ್ಲಿ ಇವರಜ್ಜಿ ಸಮಾಧಿ ಪಕ್ಕದಲ್ಲಿ ಒಂದು ಜಾಗ ಇದೆಯಂತೆ" ಎಂದ ಇಮ್ತಿಯಾಜ್. "ಇವರಮ್ಮ ಸತ್ತ ಮೇಲೆ ಅಲ್ಲಿ ಮಲಗೋಕೆ ಒಪ್ತಿಲ್ಲ. ಅವಳ ಮಗಳೇ ಅಲ್ದಿದ್ರೆ ಆ ಜಾಗ ನನಗೆ ಹ್ಯಾಗೆ ಸಲ್ಲುತ್ತೆ ಅಂತ ಅಳ್ತಾರಂತೆ."

ಕ್ಯಾರಿಸ್ ನನ್ನನ್ನು ಕೈಗೆತ್ತಿಕೊಂಡಳು. ಶಾಲು ನೋಡಿದಳು, ಕುಂಡ ನೋಡಿದಳು, ತೊಡೆಯ ಮೇಲಿನ ಪುಟ್ಟ ಪಟ ನೋಡಿದಳು. ಮುಖ ಬಾಡಿತು.

"ಸತ್ತ ಹುಡುಗಿ ಮಾತ್ರ ಇದಾಳಂತೆ" ಎಂದು ಇಮ್ತಿಯಾಜ್ ಮೆಲ್ಲಗೆ ಹೇಳಿದ. "ಅವರಮ್ಮ ಇದ್ರಲ್ಲಿ ಇಲ್ಲವಂತೆ."

ಇದ್ದಾಳೆ! ಇದ್ದಾಳೆ! ನಾನು ಹೇಗೆ ಕೂಗಲಿ? ಎಡಮೂಲೆಯ ಮೇಲೆ ದೇವರ ಕಾಗದದ ತುಣುಕು ಅಂಟಿಕೊಂಡಿತ್ತು. ಅದರ ಸಂದಿಯಲ್ಲಿ ಕನ್ನಡಿಯ ಒಂದು ಎಳೆ ಮಾತ್ರ ಹೊಳೆಯುತ್ತಿತ್ತು.

ಅವಳ ಬೇಸರ ನೋಡಲಾರದೆ ಇಮ್ತಿಯಾಜ್ ಏನಾದರೂ ಉಪಕಾರ ಮಾಡಹೊರಟ. "ಈ ಮೂಲೆ ಹೋಗೇಬಿಟ್ಟಿದೆ ಮೇಡಂ. ಇಷ್ಟು ಕತ್ತರಿಸಿಬಿಟ್ರೆ ಹೊಸ ಕಟ್ಟಿನಲ್ಲಿ ನೀಟಾಗಿ ಕೂರುತ್ತೆ." ಅವಳು ಎಲ್ಲೋ ನೋಡುತ್ತಾ ತಲೆಯಾಡಿಸಿದಳು. ಅವನು ಉಕ್ಕಿನ ಪಟ್ಟಿಯನ್ನು ನನ್ನ ಮೇಲಿಟ್ಟು, ಬ್ಲೇಡಿನ ತುದಿ ಊರಿದ. ಆ ತಣ್ಣನೆಯ ತುದಿ ಈಗಲೂ ನನಗೆ ನೆನಪಿದೆ.

"ತಡಿಯೋ!" ಎಂದರು ಅಲಮೇಲಮ್ಮ. "ಅದೇನದು ಹೊಳೀತಿರೋದು? ಕನ್ನಡಿ ಅಲ್ವೇನೋ?"

"ಹೂಂ ಅಮ್ಮಾ, ಕುರ್ಚಿ ಹಿಂದೆ ಕನ್ನಡಿ."

"ದೊರೆಸಾನಿಗೇನು ಮೊಗ್ಗಿನ ಜಡೆ ಹಾಕಿದ್ರಾ, ಕನ್ನಡಿ ಇಡೋಕೆ? ಬಸುರಿ ಫೋಟೋಗೆ ತಾನೇ ಹಾಗೆ ಇಡೋದು. ನನ್ನ ಸೀಮಂತದ್ದೂ ಹೀಗೇ ಇದೆ. ಬ್ಲೇಡು ಕೆಳಗಿಡು. ಬ್ರಷ್ ತಗೋ, ಮೆತ್ತಗೆ."

ಇಮ್ತಿಯಾಜ್ ಉಸಿರು ಬಿಗಿಹಿಡಿದು ತುಣುಕುಗಳನ್ನು ಒಂದೊಂದಾಗಿ ಬಿಡಿಸಿದ. ಹುಳು ಕನ್ನಡಿಯ ಕಾಲನ್ನು ತಿಂದಿತ್ತು, ಚೌಕಟ್ಟಿನ ಅಂಚನ್ನು ತಿಂದಿತ್ತು. ಬಿಂಬದ ಹತ್ತಿರ, ಒಂದು ಬೆರಳಿನ ದೂರದಲ್ಲಿ, ನಿಂತಿತ್ತು. ಅಲ್ಲಿ ಮಾರ್ಗೆಡ್ ಪಕ್ಕದಿಂದ ಕಾಣುತ್ತಿದ್ದಳು. ಶಾಲಿನ ಮರೆಯಿಲ್ಲ, ಕುಂಡದ ಮರೆಯಿಲ್ಲ. ತೊಡೆಯ ಮೇಲೆ ಸತ್ತ ಮಗಳ ಪಟ. ಅದರ ಅಂಚಿಗೆ ಒತ್ತಿಕೊಂಡಂತೆ ತುಂಬಿದ ಹೊಟ್ಟೆ.

"ಹೋದೋಳು ತೊಡೆ ಮೇಲೆ, ಬರೋಳು ಹೊಟ್ಟೇಲಿ" ಎಂದರು ಅಲಮೇಲಮ್ಮ. "ಅದೇ ಹೆಸರು ಮತ್ತೆ ಇಟ್ಟಿದ್ದಾಳೆ, ಅಷ್ಟೇ. ತಾಯಿ ಬಾಯಿಗೆ ರೂಢಿಯಾದ ಹೆಸರು, ಹ್ಯಾಗೆ ಬಿಡ್ತಾಳೆ? ನಿಮ್ಮಮ್ಮನಿಗೆ ಹೇಳಮ್ಮ, ನೆಮ್ಮದಿಯಾಗಿ ಊಟ ಮಾಡು ಅಂತ."

ಇಮ್ತಿಯಾಜ್ ಅದನ್ನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಕ್ಯಾರಿಸ್ ಸ್ಟೂಲಿನ ಮೇಲೆ ಕುಸಿದು ಅಳುತ್ತಿದ್ದಳು. ಅಲಮೇಲಮ್ಮ ಅವಳ ಬೆನ್ನು ಸವರುತ್ತಾ, ನನ್ನನ್ನು ಕೊಂಡುಹೋಗುವಂತೆ ಸನ್ನೆಯಲ್ಲೇ ಹೇಳಿದರು. ಆಮೇಲೆ ಇಮ್ತಿಯಾಜನ ಕಡೆ ತಿರುಗಿ, "ನನ್ನ ದೇವರಿಗೆ ಹೊಸ ರಟ್ಟು ಹಾಕು. ಈ ಸಲ ಹಿಂದೆ ಯಾರನ್ನೂ ಬಚ್ಚಿಡಬೇಡ" ಎಂದರು.

ಈಗ ನಾನು ವೇಲ್ಸಿನ ಒಂದು ಸಣ್ಣ ಮನೆಯಲ್ಲಿದ್ದೇನೆ. ಕಿಟಕಿಯಿಂದ ದೂರ, ಬಿಸಿಲು ಬೀಳದ ಗೋಡೆಯ ಮೇಲೆ. ಮಳೆಯಲ್ಲಿ ದೇವರ ಪಟದಿಂದ ನನ್ನ ಅಂಚಿಗೆ ಇಳಿದ ಕುಂಕುಮದ ಕಲೆ ಹಾಗೇ ಇದೆ, ಕ್ಯಾರಿಸ್ ಒರೆಸಲಿಲ್ಲ. ಹಳೆಯ ಅಂಜಿಕೆ ಪೂರ್ತಿ ಹೋಗಿಲ್ಲ. ಇಲ್ಲೂ ತೇವವಿದೆ, ಹುಳು ಇರಬಹುದು. ಭಾನುವಾರ ಪಕ್ಕದ ಪ್ರಾರ್ಥನಾಮಂದಿರದಿಂದ ಹಾಡು ಕೇಳುತ್ತದೆ. ರಾಗ ಬೇರೆ. ಆದರೂ ಮಧ್ಯೆ ನಿಲ್ಲಿಸಿದಾಗ ತಿರುಮಲಯ್ಯನವರು ಈಗ ಅರ್ಥ ಹೇಳುತ್ತಾರೆ ಎನಿಸುತ್ತದೆ.

ನನ್ನನ್ನು ಮೊದಲ ಸಲ ಮಡಿಲಲ್ಲಿಟ್ಟುಕೊಂಡ ದಿನ ನೆಸ್ತಾ ಭೂತಗನ್ನಡಿ ಹಿಡಿದು ಎಡಮೂಲೆಯನ್ನೇ ನೋಡಿದಳು. ಸಂಜೆ ಮಗಳನ್ನು ಕರೆದು, ತಾಯಿಯ ಪಕ್ಕದ ಜಾಗವನ್ನು ತನಗೆ ಇರಿಸುವಂತೆ ಹೇಳಿದಳು. ಅಮ್ಮನ ಸಮಾಧಿಯ ಕಲ್ಲಿನಲ್ಲಿ ಅಕ್ಕನ ಹೆಸರನ್ನೂ ಕೆತ್ತಿಸಬೇಕು, ತನ್ನದಕ್ಕಿಂತ ಮೊದಲು, ಎಂದಳು.

ಅವಳಿಗೆ ಈಗ ಕಿವಿ ಮಂದ. ಅಡುಗೆಮನೆಯಿಂದ ಕೆಲಸದವಳು "ನೆಸ್ತಾ!" ಎಂದು ಗಟ್ಟಿಯಾಗಿ ಕೂಗುತ್ತಾಳೆ, ಊಟಕ್ಕೆ. ಮುದುಕಿ ಮೊದಲು ನನ್ನ ಕಡೆ ಒಮ್ಮೆ ನೋಡುತ್ತಾಳೆ. ಆಮೇಲೆ ಬಾಗಿಲ ಕಡೆ ತಿರುಗುತ್ತಾಳೆ.